25ರ ಆಚೆಗೂ ಎಣಿಸಿದಾಗ

0 ಅಂದರೆ ಕ್ಯಾಪ್ಟನ್ ಫಾಲ್ಕನ್. 1 ಅಂದರೆ ಡಾಂಕಿ ಕಾಂಗ್. 2, ಫಾಕ್ಸ್. ಹಾಗೇ ಎಣಿಸುತ್ತ ಬನ್ನಿ: 8ಕ್ಕೆ ಮಾರಿಯೊ ಸಿಗುತ್ತಾನೆ, 13ಕ್ಕೆ ಪಿಕಾಚು, 25ಕ್ಕೆ ಗ್ಯಾನನ್‌ಡಾರ್ಫ್. ಅಲ್ಲಿಗೆ ಪಟ್ಟಿ ಮುಗಿಯಬೇಕು. ನಿಂಟೆಂಡೊ ಗೇಮ್‌ಕ್ಯೂಬ್‌ಗಾಗಿ ಮಸಾಹಿರೊ ಸಕುರಾಯ್ ನಿರ್ದೇಶಿಸಿದ, 2001ರ ನವೆಂಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಎಂಬ ಕಾದಾಟದ ಆಟದಲ್ಲಿ ನಮ್ಮ ಕೈಗೆ ಸಿಗುವ ಜಟ್ಟಿಗಳು ಇಷ್ಟೇ. 0ಯಿಂದ 25ರ ತನಕ, ಒಟ್ಟು 26 ಮಂದಿ.

ಆದರೆ ಎಣಿಕೆ ಅಲ್ಲಿಗೆ ನಿಲ್ಲುವುದಿಲ್ಲ! 26 ಇದೆ. 27, 28 ಇವೆ. 29, 30, 31 ಕೂಡ ಇವೆ! ಆ ಅಂಕಿಗಳಲ್ಲಿ ಕೂತಿರುವವರು ಯಾರು ಗೊತ್ತೆ? ಯಾರ ಎದುರು ನಿಂತು ಮತ್ತೆ ಮತ್ತೆ ಏಟು ತಿಂದೆವೋ, ಯಾರನ್ನು ಕಂಪ್ಯೂಟರ್ ಮಾತ್ರ ಆಡಿಸಬಲ್ಲದು ಎಂದುಕೊಂಡು ಸುಮ್ಮನಿದ್ದೆವೋ, ಅವರೇ. ಬಾಸ್‌ಗಳು. ಬಾಸ್‌ನ ಜೊತೆಗಾರರು. ಹೆಸರೂ ಇಲ್ಲದ ಕಾಲಾಳುಗಳು. ಎಲ್ಲರೂ ಅದೇ ಸಾಲಿನಲ್ಲಿ, ಮಾರಿಯೊ ಮತ್ತು ಪಿಕಾಚುವಿನ ಬೆನ್ನಿಗೇ ನಿಂತಿದ್ದಾರೆ. ಅವರಿಗೂ ನಮಗೂ ನಡುವೆ ಕೋಟೆಯಿಲ್ಲ, ಕಂದಕವಿಲ್ಲ. ಇರುವುದು ಒಂದೇ ಒಂದು ಅಂಕಿಯ ಅಂತರ!

ಇದು ಗೊತ್ತಾದ ಮೇಲೆ ನನಗೆ ಯಾವ ಕಾದಾಟದ ಆಟವೂ ಮೊದಲಿನಂತೆ ಕಂಡಿಲ್ಲ. ಆಯ್ಕೆಯ ಪರದೆ ನೋಡಿದರೆ ಸಾಕು, ಇದರ ಆಚೆಗೆ ಯಾರಿರಬಹುದು, ಅವರ ಮೈಯೊಳಗೆ ಹೊಕ್ಕರೆ ಏನು ಕಾಣಬಹುದು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಹೊಕ್ಕು ನೋಡಿದವರ ಕೈಗೆ ಸಿಕ್ಕಿದ್ದು ಅಪಾರ ಬಲವಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅಲ್ಲಿ ಸಿಕ್ಕಿದ್ದು ಅದಕ್ಕಿಂತ ದೊಡ್ಡದು.

ಒಂದೊಂದೇ ಬಾಗಿಲು

ಮೊದಲು ಒಳಗಿನ ಕೆಲಸ ಹೇಗೆ ನಡೆಯುತ್ತದೆ ನೋಡಿ. ಆಯ್ಕೆಯ ಪರದೆಯಲ್ಲಿ ನಾವು ಒಂದು ಮುಖದ ಮೇಲೆ ಗುಂಡಿ ಒತ್ತುತ್ತೇವೆ. ಆಟಕ್ಕೆ ಆ ಮುಖ ಬೇಕಿಲ್ಲ. ಅದು ತನ್ನ ನೆನಪಿನ ಒಂದು ಮೂಲೆಯಲ್ಲಿ ಒಂದು ಅಂಕಿ ಬರೆದುಕೊಳ್ಳುತ್ತದೆ. ಅಖಾಡ ತೆರೆಯುವಾಗ ಆ ಅಂಕಿ ಓದಿ, ಅದಕ್ಕೆ ತಕ್ಕ ದೇಹ, ತಕ್ಕ ಪಟ್ಟುಗಳು, ತಕ್ಕ ದನಿಯನ್ನು ಡಿಸ್ಕಿನಿಂದ ಎಳೆದು ತರುತ್ತದೆ. ಮೆಲೀಯಲ್ಲೇ ಇದರ ಸುಳಿವೊಂದು ಎಲ್ಲರ ಕಣ್ಣೆದುರು ಇದೆ. ಶೀಕ್ ಎಂಬ ಪಾತ್ರಕ್ಕೆ 19 ಎಂಬ ಸ್ವಂತ ಅಂಕಿ ಇದೆ, ಆದರೆ ಆಯ್ಕೆಯ ಪರದೆಯಲ್ಲಿ ಸ್ವಂತ ಮನೆಯಿಲ್ಲ. ಅವಳು ಜೆಲ್ಡಾಳ ಮನೆಯಲ್ಲೇ ಇದ್ದು, ಜೆಲ್ಡಾ ರೂಪ ಬದಲಿಸಿದಾಗ ಹೊರಬರುತ್ತಾಳೆ. ಅಂದರೆ ಪರದೆಯ ಮನೆಗಳಿಗಿಂತ ಒಳಗಿನ ಅಂಕಿಗಳು ಹೆಚ್ಚು!

ಹಾಗಾದರೆ ಆ ಮೂಲೆಯಲ್ಲಿ ನಾವೇ ಬೇರೆ ಅಂಕಿ ಬರೆದುಬಿಟ್ಟರೆ? ಆಕ್ಷನ್ ರೀಪ್ಲೇಯಂಥ ಸಾಧನಗಳು ಮಾಡುವುದು ಇದನ್ನೇ. ಆಟ ಓಡುತ್ತಿರುವಾಗಲೇ ಅದರ ನೆನಪಿಗೆ ಕೈ ಹಾಕಿ ಒಂದು ಅಂಕಿಯನ್ನು ಅಳಿಸಿ ಇನ್ನೊಂದನ್ನು ಬರೆಯುತ್ತವೆ. ಬನ್ನಿ, ಒಂದೊಂದೇ ಬಾಗಿಲು ತಟ್ಟೋಣ.

27 ಮತ್ತು 28: ವೈರ್‌ಫ್ರೇಮ್‌ಗಳು. ಒಂದು ಗಂಡು, ಒಂದು ಹೆಣ್ಣು. ಹತ್ತು ಮಂದಿಯನ್ನು, ನೂರು ಮಂದಿಯನ್ನು ಹೊಡೆದುರುಳಿಸುವ ಪಂದ್ಯಗಳಲ್ಲಿ ಅಲೆಯಲೆಯಾಗಿ ಮೇಲೆ ಬೀಳುವ, ಮುಖವೇ ಇಲ್ಲದ ಕಾಲಾಳುಗಳು ಇವರು. ಗಂಡಿನ ಅಸ್ಥಿಪಂಜರ ಕ್ಯಾಪ್ಟನ್ ಫಾಲ್ಕನ್‌ನದು, ಹೆಣ್ಣಿನದು ಜೆಲ್ಡಾಳದು. ಇವರಾಗಿ ಆಡುವಾಗ ಸ್ಪೆಷಲ್ ಪಟ್ಟಿನ ಗುಂಡಿ ಒತ್ತಿ ನೋಡಿ, ಏನೂ ಆಗುವುದಿಲ್ಲ! ಇವರಿಗೆ ಸ್ಪೆಷಲ್ ಪಟ್ಟುಗಳೇ ಇಲ್ಲ. ಗುಂಪಿನಲ್ಲಿ ಬಂದು, ಗುದ್ದಿ, ಹಾರಿಹೋಗುವವರಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಟ್ಟು ಕಳಿಸಿದ್ದಾರೆ. ಕ್ರೂಯಲ್ ಮೆಲೀ ಎಂಬ ಪಂದ್ಯದಲ್ಲಿ ನಮ್ಮನ್ನು ಕ್ಷಣಾರ್ಧದಲ್ಲಿ ಆಚೆಗೆಸೆಯುವವರೂ ಇದೇ ಬರಿಗೈ ಬಂಟರು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

29: ಗಿಗಾ ಬೌಸರ್. ಮಾರಿಯೊನ ಹಳೆಯ ಶತ್ರು ಬೌಸರ್‌ನ ಮಹಾರೂಪ. ಅಡ್ವೆಂಚರ್ ಮೋಡ್‌ನಲ್ಲಿ ನಾರ್ಮಲ್ ಅಥವಾ ಅದಕ್ಕೂ ಮೇಲಿನ ಕಷ್ಟದಲ್ಲಿ, ಒಮ್ಮೆಯೂ ಕಂಟಿನ್ಯೂ ಬಳಸದೆ, 18 ನಿಮಿಷದೊಳಗೆ ಕೊನೆ ಮುಟ್ಟಿದವರಿಗಷ್ಟೇ ಎದುರಾಗುವವನು. ಬೆಟ್ಟದಂಥ ಆ ಮೈ ನಮ್ಮ ಹೆಬ್ಬೆರಳಿನ ಮಾತು ಕೇಳುತ್ತದೆ!

31: ಸ್ಯಾಂಡ್‌ಬ್ಯಾಗ್. ಹೌದು, ಮರಳಿನ ಚೀಲ! ಹೋಮ್ ರನ್ ಪಂದ್ಯದಲ್ಲಿ 10 ಸೆಕೆಂಡು ಒಂದೇ ಸಮ ಹೊಡೆದು, ಕೊನೆಗೆ ಬ್ಯಾಟಿನಿಂದ ಬಾರಿಸಿ ದಿಗಂತದ ತನಕ ಹಾರಿಸುತ್ತೇವಲ್ಲ, ಎರಡು ಪುಟ್ಟ ಕಣ್ಣುಗಳ ಆ ಪಾಪದ ಚೀಲ. ಅದಕ್ಕೂ ಜಟ್ಟಿಗಳ ಸಾಲಿನಲ್ಲಿ ಒಂದು ಅಂಕಿ ಇದೆ. ಆದರೆ ಅದು ಒಂದೇ ಒಂದು ಏಟು ಕೊಡಲಾರದು. ಏಟು ತಿನ್ನುವುದೊಂದೇ ಅದಕ್ಕೆ ಬರುವ ವಿದ್ಯೆ. ಅದರ ಜಾಗದಲ್ಲಿ ನಿಂತಾಗ ಇಡೀ ಆಟ ತಲೆಕೆಳಗಾಗುತ್ತದೆ: ಇದುವರೆಗೆ ನಮಗೆ ಗುರಿಯಾಗಿದ್ದದ್ದು ಈಗ ನಾವೇ.

ಉಳಿದವು ಎರಡು ಅಂಕಿ: 26 ಮತ್ತು 30. ಬಲಗೈ ಮತ್ತು ಎಡಗೈ.

ಬೆರಳು ಚಿಟಿಕೆ ಹೊಡೆದಾಗ

26 ಎಂದರೆ ಮಾಸ್ಟರ್ ಹ್ಯಾಂಡ್. ಬಿಳಿ ಗ್ಲೌಸಿನ, ಮನೆಯಷ್ಟು ದೊಡ್ಡ, ಗಾಳಿಯಲ್ಲಿ ತೇಲುವ ಒಂದು ಬಲಗೈ. ಮೈಯಿಲ್ಲ, ಮುಖವಿಲ್ಲ. ಕ್ಲಾಸಿಕ್ ಮೋಡ್‌ನ ಕೊನೆಯಲ್ಲಿ, ಫೈನಲ್ ಡೆಸ್ಟಿನೇಶನ್ ಎಂಬ ಅಖಾಡದಲ್ಲಿ ಅದು ನಮಗಾಗಿ ಕಾದಿರುತ್ತದೆ. ಚೆನ್ನಾಗಿ ಆಡಿ ಬಂದವರಿಗೆ ಅರ್ಧ ಕಾಳಗ ಮುಗಿಯುವ ಹೊತ್ತಿಗೆ ಕ್ರೇಜಿ ಹ್ಯಾಂಡ್ ಎಂಬ ಎಡಗೈಯೂ ನಡುಗುತ್ತ, ಸೆಟೆಯುತ್ತ ಬಂದು ಸೇರಿಕೊಳ್ಳುತ್ತದೆ.

ಈ ಕೈ ಯಾರದು ಎಂಬುದಕ್ಕೆ ಉತ್ತರ 1999ರ ಮೊದಲ ಸ್ಮ್ಯಾಶ್ ಬ್ರದರ್ಸ್ ಆಟದ ಮುನ್ನೋಟದಲ್ಲಿದೆ. ಅಲ್ಲಿ ಗ್ಲೌಸು ತೊಟ್ಟ ಕೈಯೊಂದು ಬೊಂಬೆಗಳನ್ನು ಎತ್ತಿಕೊಂಡು ಮೇಜಿನ ಮೇಲೆ ನಿಲ್ಲಿಸುತ್ತದೆ. ಒಂದು ಚಿಟಿಕೆ! ಮೇಜು ಅಖಾಡವಾಗುತ್ತದೆ, ಬೊಂಬೆಗಳಿಗೆ ಜೀವ ಬರುತ್ತದೆ, ಕಾದಾಟ ಶುರುವಾಗುತ್ತದೆ. ಮಾರಿಯೊ, ಲಿಂಕ್, ಪಿಕಾಚು ಎಲ್ಲರೂ ಬೊಂಬೆಗಳು. ಆ ಕೈ, ಬೊಂಬೆಯಾಡುವ ಮಗುವಿನ ಕೈ. ಅಂದರೆ ಆಡುವವರ ಕೈ. ನಮ್ಮ ಕೈ!

ಈಗ ಯೋಚಿಸಿ. ನಮ್ಮ ಕೈ ಹಿಡಿದ ಕಂಟ್ರೋಲರಿನಿಂದ ನಡೆಯುವ ಬೊಂಬೆಯೊಂದು, ಬೊಂಬೆಯಾಡುವ ಕೈಯ ಮೇಲೆಯೇ ಯುದ್ಧಕ್ಕೆ ಹೋಗುತ್ತದೆ. ಅಷ್ಟೂ ಪಾತ್ರಗಳಲ್ಲಿ ನಮಗೆ ಕೊಡದೆ ಬಚ್ಚಿಟ್ಟ ಪಾತ್ರ ನಮ್ಮದೇ ಕೈ!

ಈ ಕೈಯೊಳಗೆ ಹೊಗುವ ದಾರಿ ತೆರೆದ ಬಗೆ ಇನ್ನೂ ಚೆಂದ. ಮೆಲೀ ಬಂದು ವರ್ಷಗಳೇ ಕಳೆದ ಮೇಲೆ ಆಟಗಾರರು ಒಂದು ಗ್ಲಿಚ್, ಅಂದರೆ ಆಟದೊಳಗೇ ಉಳಿದುಹೋದ ಒಂದು ದೋಷ, ಕಂಡುಹಿಡಿದರು. ಹೊರಗಿನ ಯಾವ ಸಾಧನವೂ ಬೇಡ, ಅಂಗಡಿಯಿಂದ ತಂದ ಡಿಸ್ಕೇ ಸಾಕು. ಆಟಗಾರರ ಹೆಸರು ಬರೆಯುವ ಪರದೆಗೆ ಹೋಗಿ, ಕೂದಲೆಳೆಯಷ್ಟೂ ಆಚೀಚೆಯಾಗದ ಹೊತ್ತಿನಲ್ಲಿ ಗುಂಡಿಗಳನ್ನೊತ್ತಿದರೆ, ಯಾರನ್ನೂ ಆರಿಸಿಕೊಳ್ಳದೆಯೇ ಪಂದ್ಯ ಶುರುವಾಗಿಬಿಡುತ್ತದೆ. ಯಾರನ್ನೂ ಆರಿಸಿಲ್ಲ. ಹಾಗಾದರೆ ಅಖಾಡಕ್ಕೆ ಇಳಿಯುವವರು ಯಾರು? 25ರ ಮುಂದಿನ ಅಂಕಿಯ ಒಡೆಯ! ಬೊಂಬೆಗಳಲ್ಲಿ ಒಂದನ್ನೂ ಎತ್ತಿಕೊಳ್ಳದೆ ಆಡಲು ಹೊರಟರೆ ಉಳಿಯುವುದು ಖಾಲಿ ಕೈ ತಾನೆ? ಪರದೆಯ ಮೇಲೂ ಬರುವುದು ಅದೇ ಕೈ!

ಒಳಗಿನಿಂದ ಕಂಡದ್ದು

ಕೈಯನ್ನು ಆಡಿಸತೊಡಗಿದಾಗ ಮೊದಲ ಅಚ್ಚರಿ: ಅದರ ದಾಳಿಗಳು ಕಂಟ್ರೋಲರಿನ ಗುಂಡಿಗಳಿಗೆ ಹೊಂದಿಕೊಂಡೇ ಇವೆ. ಕಂಪ್ಯೂಟರ್ ಮಾತ್ರ ಆಡಿಸಬೇಕಿದ್ದ ಪಾತ್ರಕ್ಕೆ ಗುಂಡಿಗಳೇಕೆ? ಆಟ ಕಟ್ಟುತ್ತಿದ್ದ ದಿನಗಳಲ್ಲಿ ಒಂದೊಂದೇ ದಾಳಿಯನ್ನು ಪರೀಕ್ಷಿಸಿ ನೋಡಲು ಮಾಡಿಕೊಂಡ ಏರ್ಪಾಡು ಇರಬೇಕು. ಎಚ್‌ಎಎಲ್ ಲ್ಯಾಬೊರೇಟರಿಯ ಆ ಕೆಲಸಗಾರರು ಪರೀಕ್ಷೆಗೆ ಬಳಸುತ್ತಿದ್ದ ದೊಡ್ಡದೊಂದು ಡೀಬಗ್ ಮೆನು ಇವತ್ತಿಗೂ ಅದೇ ಡಿಸ್ಕಿನಲ್ಲಿ ಉಳಿದಿದೆ. ಅವರ ಬೆರಳು ಓಡಾಡಿದ ದಾರಿಯಲ್ಲೇ ಈಗ ನಮ್ಮ ಬೆರಳು ಓಡಾಡುತ್ತದೆ. ಒಂದು ಗುಂಡಿಗೆ ಕೈ ಬೆರಳುಗಳನ್ನೇ ಕಾಲು ಮಾಡಿಕೊಂಡು ನಡೆದುಬರುತ್ತದೆ. ಇನ್ನೊಂದಕ್ಕೆ ಮುಷ್ಟಿಯಾಗಿ ಮೇಲಿನಿಂದ ಅಪ್ಪಳಿಸುತ್ತದೆ. ಮತ್ತೊಂದಕ್ಕೆ ಬೆರಳ ತುದಿಗಳಿಂದ ಲೇಸರ್ ಕಿರಣ ಚಿಮ್ಮುತ್ತದೆ. ತಿರುಪಿನಂತೆ ತಿರುಗುತ್ತ ನುಗ್ಗುವುದು, ಎದುರಾಳಿಯನ್ನು ಹಿಡಿದು ಹಿಸುಕುವುದು, ಬೆರಳನ್ನು ಪಿಸ್ತೂಲಿನಂತೆ ಹಿಡಿದು ಗುಂಡು ಹಾರಿಸುವುದು... ಒಂದು ಕೈ ಎಂದರೆ ಏನೆಲ್ಲ ಆಗಬಹುದು ಎಂಬ ಕಲ್ಪನೆಯೇ ಇಲ್ಲಿ ಕುಣಿಯುತ್ತಿದೆ!

ಎರಡನೆಯ ಅಚ್ಚರಿಗೆ ಸ್ವಲ್ಪ ಹೊತ್ತು ಬೇಕು. ಈ ಮಹಾಬಲ ಬೇರೆ ಜಟ್ಟಿಗಳಂತೆ ನೆಗೆಯಲಾರದು, ಗುರಾಣಿ ಹಿಡಿದು ಏಟು ತಡೆಯಲಾರದು. ಮಾರಿಯೊಗೆ ಲೀಲಾಜಾಲವಾಗಿ ಬರುವುದು ಇದಕ್ಕೆ ಬಾರದು. ಪ್ರತಿ ದಾಳಿಗೆ ಮೊದಲು ಕೈ ಹಿಂದಕ್ಕೆ ಸರಿಯುತ್ತದೆ, ಬೆರಳು ಬಿಗಿಯುತ್ತದೆ, ಮುಷ್ಟಿ ಮೇಲೇರುತ್ತದೆ. ‘ನೋಡು, ಈಗ ಹೊಡೆಯುತ್ತೇನೆ’ ಎಂದು ಹೇಳಿಯೇ ಹೊಡೆಯುತ್ತದೆ. ಹೊಡೆದಾದ ಮೇಲೆ ಅದು ತನ್ನ ಜಾಗಕ್ಕೆ ಮರಳಬೇಕು. ಮರಳುವ ತನಕ ಅದು ತೆರೆದ ಗುರಿ. ನಾವು ಗುಂಡಿ ಎಷ್ಟು ಒತ್ತಿದರೂ ಅವಸರ ಮಾಡಲಾಗದು. ಎದುರಿಗಿರುವ ಪುಟ್ಟ ಪಿಕಾಚು ಅಷ್ಟು ಹೊತ್ತಿನಲ್ಲಿ ಓಡಿಬಂದು ನಾಲ್ಕು ಬಾರಿಸಿ ಹೋಗುತ್ತದೆ.

ಎದುರಾಳಿಯಾಗಿ ನಿಂತಾಗ ಆ ವಿರಾಮಗಳನ್ನು ನಾವೇ ಕಂಡುಹಿಡಿದೆವು, ನಮ್ಮ ಚುರುಕಿನಿಂದ ಗೆದ್ದೆವು ಎಂದುಕೊಂಡಿದ್ದೆವು. ಒಳಗಿನಿಂದ ನೋಡಿದರೆ ಆ ವಿರಾಮಗಳು ಅಳೆದು ತೂಗಿ ಇಟ್ಟವು! ಒಂದೊಂದೂ ನಮಗಾಗಿಯೇ ಬಿಟ್ಟ ಜಾಗ. ಇಲ್ಲಿ ಓಡಿ ತಪ್ಪಿಸಿಕೋ, ಇಲ್ಲಿ ನುಗ್ಗಿ ಹೊಡಿ, ಇಲ್ಲಿ ಉಸಿರು ತೆಗೆದುಕೋ. ಬಾಸ್ ಎಂಬುವನು ನಮ್ಮನ್ನು ಸೋಲಿಸಲು ಹುಟ್ಟಿದವನಲ್ಲ. ನಮ್ಮಿಂದ ಚೆನ್ನಾಗಿ ಸೋಲುವುದು ಹೇಗೆಂದು ಯಾರೋ ತಿಂಗಳುಗಟ್ಟಲೆ ಕೂತು ಕಡೆದ ಶಿಲ್ಪ ಅವನು. ಆ ಅಕ್ಕರೆ ಕಾಣಬೇಕಾದರೆ ಅವನ ಜಾಗದಲ್ಲೇ ನಿಲ್ಲಬೇಕು.

ಕರಾವಳಿಯ ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ದೇವೀ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ, ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತ ಬರುವಾಗ ಇಡೀ ಬಯಲು ನಡುಗುತ್ತದೆ. ಅವನು ದೇವಿಯ ಕೈಯಲ್ಲಿ ಅಳಿಯುವವನು ಎಂಬುದು ಅಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಆ ವೇಷ ಕಟ್ಟಲು ನುರಿತ ಕಲಾವಿದನೇ ಬೇಕು. ರಂಗವನ್ನೆಲ್ಲ ತುಂಬಬೇಕು, ಆಮೇಲೆ ಇನ್ನೊಬ್ಬರ ಗೆಲುವು ದೊಡ್ಡದಾಗುವಂತೆ ಬೀಳಬೇಕು. ಕಾದಾಟದ ಆಟದ ಬಾಸ್ ಹೊತ್ತಿರುವುದೂ ಅದೇ ಹೊಣೆ.

ಯಂತ್ರಕ್ಕೊಂದು ನಿಯಮ, ನಮಗೊಂದು

ಇದೆಲ್ಲ ಮೆಲೀಯಿಂದ ಶುರುವಾದದ್ದಲ್ಲ. ಹತ್ತು ವರ್ಷ ಹಿಂದಕ್ಕೆ ಹೋಗೋಣ. 1991. ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಆರ್ಕೇಡ್‌ಗಳಿಗೆ ಬಂತು. ಆಡಲು 8 ಜಟ್ಟಿಗಳು. ಅವರನ್ನೆಲ್ಲ ದಾಟಿದ ಮೇಲೆ ಎದುರಾಗುವ 4 ಬಾಸ್‌ಗಳು: ಬಾಕ್ಸರ್ ಬಾಲ್‌ರಾಗ್, ಕೈಗೆ ಉಕ್ಕಿನ ಪಂಜ ಕಟ್ಟಿದ ವೇಗಾ, ಒಂಟಿಗಣ್ಣಿನ ಸಗಾಟ್, ಕೊನೆಗೆ ಸರ್ವಾಧಿಕಾರಿ ಎಂ. ಬೈಸನ್. ನಾಣ್ಯ ಹಾಕಿ ಹಾಕಿ ಅವರ ತನಕ ಮುಟ್ಟಿದ ಪ್ರತಿಯೊಬ್ಬ ಹುಡುಗನ ಎದೆಯಲ್ಲೂ ಒಂದೇ ಆಸೆ: ಇವರಲ್ಲಿ ಒಬ್ಬನಾಗಿ ನಾನು ಆಡಬೇಕು! ಮರುವರ್ಷವೇ, 1992ರ ‘ಚಾಂಪಿಯನ್ ಎಡಿಶನ್’ನಲ್ಲಿ, ಕ್ಯಾಪ್‌ಕಾಮ್ ಆ ನಾಲ್ವರನ್ನೂ ಆಟಗಾರರ ಕೈಗೆ ಕೊಟ್ಟಿತು. ಎದುರಾಳಿಗಳ ಗೋಡೆ ಬಿತ್ತು. ಅಷ್ಟರಲ್ಲೇ ಹೊರಬಂದ ‘ರೇನ್‌ಬೋ ಎಡಿಶನ್’ ಎಂಬ ನಕಲಿ ಬೋರ್ಡುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಕಾದಾಟದ ನಡುವೆ ಸ್ಟಾರ್ಟ್ ಗುಂಡಿ ಒತ್ತಿದರೆ ನಿಂತ ನಿಲುವಿನಲ್ಲೇ ಇನ್ನೊಬ್ಬ ಜಟ್ಟಿಯಾಗಿಬಿಡಬಹುದಿತ್ತು!

ಆದರೆ ಬಾಸ್ ಸಿಕ್ಕಿದ ಮಾತ್ರಕ್ಕೆ ಬಾಸ್‌ನ ಶಕ್ತಿಯೆಲ್ಲ ಸಿಕ್ಕಿತೆ? ಇಲ್ಲೇ ಇರುವುದು ಗುಟ್ಟು. ಅದೇ ಆಟದ ಗೈಲ್ ಎಂಬ ಸೈನಿಕನನ್ನು ನೋಡಿ. ಅವನ ಸಾನಿಕ್ ಬೂಮ್ ಪಟ್ಟು ಹಾಕಬೇಕಾದರೆ ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದು, ಸ್ವಲ್ಪ ಹೊತ್ತು ಹಿಡಿದು, ತಟ್ಟನೆ ಮುಂದಕ್ಕೆ ತಳ್ಳಿ ಗುದ್ದಿನ ಗುಂಡಿ ಒತ್ತಬೇಕು. ನಮ್ಮ ಗೈಲ್‌ಗೆ ಇದು ತಪ್ಪದ ನಿಯಮ. ಕಂಪ್ಯೂಟರ್ ಆಡಿಸುವ ಗೈಲ್? ಅವನು ಮುಂದೆ ನಡೆದುಬರುತ್ತಲೇ ಸಾನಿಕ್ ಬೂಮ್ ಎಸೆಯುತ್ತಾನೆ! ಹಿಂದಕ್ಕೆ ಎಳೆದು ಹಿಡಿಯುವ ಮಾತೇ ಇಲ್ಲ. ಯಂತ್ರದ ಕೈಯಲ್ಲಿ ಜಾಯ್‌ಸ್ಟಿಕ್ ಇಲ್ಲವಲ್ಲ. ಅದು ‘ಸಾನಿಕ್ ಬೂಮ್’ ಎಂದು ನೇರವಾಗಿ ಅಪ್ಪಣೆ ಕೊಡುತ್ತದೆ, ಆಗಿಹೋಗುತ್ತದೆ. ಒಂದೇ ಮುಖ, ಒಂದೇ ಹೆಸರು, ಒಂದೇ ಪಟ್ಟು. ಆದರೆ ಕಂಪ್ಯೂಟರಿನ ಗೈಲ್ ಬೇರೆ, ನಮ್ಮ ಗೈಲ್ ಬೇರೆ!

ಹಾಗಾಗಿ ಕಂಪ್ಯೂಟರಿನ ಜಟ್ಟಿ ಮನುಷ್ಯನ ಕೈಗೆ ಬಂದಾಗ ಅವನು ಒಂದು ಕಳೆದುಕೊಳ್ಳುತ್ತಾನೆ, ಒಂದು ಪಡೆಯುತ್ತಾನೆ. ಕಳೆದುಕೊಳ್ಳುವುದು ಆ ನೇರ ಅಪ್ಪಣೆಯ ಅಧಿಕಾರವನ್ನು. ಪಡೆಯುವುದು ಉಪಾಯವನ್ನು, ಹಟವನ್ನು, ಎದುರಿನವನ ಮನಸ್ಸು ಓದುವ ಬುದ್ಧಿಯನ್ನು. ಈ ಕೊಡುಕೊಳ್ಳುವಿಕೆಯಲ್ಲಿ ಹುಟ್ಟುವ ಜಟ್ಟಿ ಎಂಥ ಭಯಂಕರನಾಗಬಲ್ಲ ಎಂಬುದಕ್ಕೆ 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ದ ಅಕುಮಾ ಸಾಕ್ಷಿ. ಕೊನೆಯ ಬಾಸ್ ಎಂ. ಬೈಸನ್ ಎದುರು ನಾವು ನಿಂತ ಕ್ಷಣದಲ್ಲೇ ಎಲ್ಲಿಂದಲೋ ಬಂದು, ಬೈಸನ್‌ನನ್ನೇ ಮುಗಿಸಿ, ನಮ್ಮತ್ತ ತಿರುಗುವ ಗುಪ್ತ ಎದುರಾಳಿ ಅವನು. ಅವನ ಹೆಸರು ಆಯ್ಕೆಯ ಪರದೆಯಲ್ಲಿಲ್ಲ. ಆದರೆ ದಾರಿ ಇದೆ: ರ್‍ಯೂ ಮೇಲೆ ಕೊಂಚ ನಿಲ್ಲಿ, ಅಲ್ಲಿಂದ ಟಿ. ಹಾಕ್, ಗೈಲ್, ಕ್ಯಾಮಿ, ಮತ್ತೆ ರ್‍ಯೂ. ಪ್ರತಿ ಮುಖದ ಮೇಲೂ ಒಂದಿಷ್ಟು ಹೊತ್ತು ತಡೆದು, ಕೊನೆಗೆ ಸ್ಟಾರ್ಟ್ ಜೊತೆ ಮೂರೂ ಗುದ್ದಿನ ಗುಂಡಿ! ಪೂಜೆಯ ಪ್ರದಕ್ಷಿಣೆಯಷ್ಟೇ ಶ್ರದ್ಧೆ ಬೇಡುವ ಈ ಸುತ್ತು ಮುಗಿಸಿದರೆ ಅಕುಮಾ ನಮ್ಮವನು. ಆಟಗಾರರಿಗೆ ಕೊಟ್ಟ ಅಕುಮಾನನ್ನು ಕಂಪ್ಯೂಟರಿನ ಅಕುಮಾನಿಗಿಂತ ಮೆತ್ತಗೆ ಮಾಡಿದ್ದರು. ಆದರೂ ನೆಗೆದ ನೆಗೆತದಲ್ಲೇ ಓರೆಯಾಗಿ ಕೆಳಗೆ ಬೆಂಕಿಚೆಂಡು ಎಸೆಯುವ ಅವನೆದುರು ಉಳಿದವರು ನಿಲ್ಲಲಾರರು ಎಂದು ಅಮೆರಿಕದ ಪಂದ್ಯಾವಳಿಗಳಲ್ಲಿ ಅವನನ್ನು ನಿಷೇಧಿಸಿದರು! ಬಾಸ್ ತನ್ನ ಬಲವನ್ನು ಬಿಗಿಹಿಡಿದು ಆಡುವುದು ಏಕೆಂಬುದು ಆ ನಿಷೇಧದಿಂದಲೇ ತಿಳಿಯುತ್ತದೆ. ಬಿಗಿಹಿಡಿಯದಿದ್ದರೆ ಅಲ್ಲಿ ಆಟವೇ ಇರುವುದಿಲ್ಲ.

ಎದುರಾಳಿಗಳು ನಮ್ಮವರಾದ ಬಗೆ

ಅಮೆರಿಕದಲ್ಲಿ ಮಿಡ್‌ವೇ ಕಂಪನಿ 1992ರಲ್ಲಿ ತಂದ ‘ಮಾರ್ಟಲ್ ಕಾಂಬ್ಯಾಟ್’ನದು ಇನ್ನೊಂದು ಬೆರಗು. ಅದರ ಜಟ್ಟಿಗಳೆಲ್ಲ ಕ್ಯಾಮೆರಾ ಮುಂದೆ ನಿಂತ ನಿಜವಾದ ನಟರು. ಆದರೆ ನಾಲ್ಕು ಕೈಯ ಬಾಸ್ ಗೋರೊ? ಅಂಥ ನಟ ಎಲ್ಲಿ ಸಿಗಬೇಕು! ಕರ್ಟ್ ಕಿಯಾರೆಲಿ ಎಂಬ ಶಿಲ್ಪಿ ಅವನನ್ನು ಬೊಂಬೆಯಾಗಿ ಮಾಡಿಕೊಟ್ಟರು. ಆ ಬೊಂಬೆಯನ್ನು ಒಂದಿಷ್ಟಿಷ್ಟೇ ಕದಲಿಸಿ, ಒಂದೊಂದೇ ಚಿತ್ರ ತೆಗೆದು, ಸ್ಟಾಪ್ ಮೋಷನ್‌ನಲ್ಲಿ ಅವನನ್ನು ನಡೆಸಿದರು. ಗೋರೊನ ನಡಿಗೆಯಲ್ಲಿ ಕಾಣುವ ಆ ಲೋಕಾತೀತ ಭಾರ ಬಂದದ್ದು ಅಲ್ಲಿಂದ. ಆ ಬೊಂಬೆಯನ್ನು ನಾವು ಆಡಿಸುವ ದಿನವೂ ಬಂತು: 1996ರಲ್ಲಿ ಪ್ಲೇಸ್ಟೇಶನ್‌ಗೆ ಬಂದ ‘ಮಾರ್ಟಲ್ ಕಾಂಬ್ಯಾಟ್ ಟ್ರಿಲಜಿ’ಯಲ್ಲಿ ಗೋರೊ, ಕಿಂಟಾರೊ, ಮೊಟಾರೊ, ಶಾವೊ ಕಾನ್, ನಾಲ್ವರು ಬಾಸ್‌ಗಳೂ ಆಟಗಾರರ ಕೈಗೆ ಸಿಕ್ಕರು!

ಮೊದಲ ಮಾರ್ಟಲ್ ಕಾಂಬ್ಯಾಟ್‌ನ ಆಳದಲ್ಲಿ ರೆಪ್ಟೈಲ್ ಎಂಬ ಹಸಿರು ನಿಂಜಾ ಅಡಗಿದ್ದ. ಚಂದ್ರನ ಮುಂದೆ ನೆರಳು ಹಾದುಹೋಗುವಾಗ, ಸೇತುವೆಯ ಅಖಾಡದಲ್ಲಿ, ಒಂದೂ ಏಟು ತಿನ್ನದೆ, ಒಮ್ಮೆಯೂ ಏಟನ್ನು ತಡೆಯದೆ ಎರಡು ಸುತ್ತು ಗೆದ್ದು, ಎದುರಾಳಿಯನ್ನು ಕೊಂದು ಮುಗಿಸುವ ಫೇಟಾಲಿಟಿ ಪಟ್ಟು ಹಾಕಿದರೆ ಮಾತ್ರ ಅವನ ದರ್ಶನ. ಎಂಥ ವ್ರತ! ಅಷ್ಟೆಲ್ಲ ಮಾಡಿದರೂ ಅವನ ಜೊತೆ ಕಾದಾಡಬಹುದಿತ್ತೇ ಹೊರತು ಅವನಾಗಲು ಸಾಧ್ಯವಿರಲಿಲ್ಲ. ಮರುವರ್ಷದ ಎರಡನೇ ಭಾಗದಲ್ಲಿ ಅವನು ಎಲ್ಲರ ಕೈಗೆ ಬಂದ. ಆ ಎರಡನೇ ಭಾಗದಲ್ಲಿ ಅಡಗಿದ್ದ ಸ್ಮೋಕ್, ಜೇಡ್, ನೂಬ್ ಸೈಬಾಟ್ ಮೂವರೂ ಟ್ರಿಲಜಿ ಬರುವ ಹೊತ್ತಿಗೆ ನಮ್ಮವರಾಗಿದ್ದರು. ಇವತ್ತಿನ ಗುಪ್ತ ಎದುರಾಳಿ ನಾಳಿನ ನಾಯಕ!

ನ್ಯಾಮ್ಕೊ ಕಂಪನಿಯ ‘ಟೆಕ್ಕನ್’ ಈ ಕೊಡುಗೆಯನ್ನು ಹಬ್ಬವಾಗಿಸಿತು. 1995ರಲ್ಲಿ ಪ್ಲೇಸ್ಟೇಶನ್‌ಗೆ ಬಂದ ಮೊದಲ ಟೆಕ್ಕನ್‌ನಲ್ಲಿ ಒಬ್ಬೊಬ್ಬ ಜಟ್ಟಿಯಾಗಿ ಕೊನೆ ಮುಟ್ಟಿದಂತೆಲ್ಲ ಒಬ್ಬೊಬ್ಬ ಉಪ-ಬಾಸ್ ತೆರೆದುಕೊಳ್ಳುತ್ತಿದ್ದ. ಅದಕ್ಕಿಂತ ಸೊಗಸು ಇನ್ನೊಂದಿದೆ. ಡಿಸ್ಕ್ ಲೋಡ್ ಆಗುವ ತನಕ ಕಾಯುವ ಬೇಸರ ಕಳೆಯಲೆಂದು ನ್ಯಾಮ್ಕೊದವರು ತಮ್ಮದೇ 1981ರ ‘ಗ್ಯಾಲಗ’ ಆಟವನ್ನು ಅಲ್ಲಿ ಇಟ್ಟಿದ್ದರು. ಆ ಪುಟ್ಟ ಬಾಹ್ಯಾಕಾಶ ಯುದ್ಧವನ್ನು ಪೂರ್ತಿ ಗೆದ್ದವರಿಗೆ ಸಿಗುತ್ತಿದ್ದ ಬಹುಮಾನ: ಕಜುಯ ಎಂಬ ಜಟ್ಟಿಯ ರಾಕ್ಷಸರೂಪ, ಡೆವಿಲ್ ಕಜುಯ! ಕಾಯುವ ಹೊತ್ತಿನ ಆಟದೊಳಗೆ ರಾಕ್ಷಸನ ಬೀಗದ ಕೈ!

ಇಲ್ಲಿಂದ ಮುಂದಿನದು ನಮ್ಮ ಊರುಗಳಿಗೂ ಗೊತ್ತು. 1998ರಲ್ಲಿ ಪ್ಲೇಸ್ಟೇಶನ್‌ಗೆ ಬಂದ ‘ಟೆಕ್ಕನ್ 3’ ಬೆಂಗಳೂರಿನ, ಮೈಸೂರಿನ ಗಲ್ಲಿಗಳ ವಿಡಿಯೊ ಗೇಮ್ ಅಂಗಡಿಗಳಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಆಡಿದ ಆಟ. ಕೊನೆಯ ಬಾಸ್ ಟ್ರೂ ಓಗರ್ ರೆಕ್ಕೆ ಬಿಚ್ಚಿ ಬೆಂಕಿ ಉಗುಳುವುದನ್ನು ಕಂಡು ಹಿಂದೆ ಸರಿದ ಮಕ್ಕಳೇ, ಅವನು ತೆರೆದುಕೊಂಡ ದಿನ ಅವನನ್ನು ಆರಿಸಿಕೊಳ್ಳಲು ಕಂಟ್ರೋಲರಿಗೆ ಕಿತ್ತಾಡಿದರು. ಮಸಾಶಿ ತನಕಾ ಅವರ ಮಾಂಗಾ ಲೋಕದಿಂದ ಬಂದ ಪುಟಾಣಿ ಡೈನೊಸಾರ್ ಗಾನ್ ಕೂಡ ಅಲ್ಲೇ ಇತ್ತು. ಎಷ್ಟು ಗಿಡ್ಡ ಎಂದರೆ ಎತ್ತರದ ಏಟುಗಳೆಲ್ಲ ಅದರ ತಲೆ ಮೇಲಿಂದಲೇ ಹಾದುಹೋಗುತ್ತಿದ್ದವು. ಜೊತೆಗೆ ಡಾಕ್ಟರ್ ಬೊಸ್ಕೊನೊವಿಚ್, ನೆಟ್ಟಗೆ ನಿಲ್ಲಲಾರದೆ ಮತ್ತೆ ಮತ್ತೆ ನೆಲಕ್ಕೆ ಬೀಳುವ ಮುದುಕ. ಅವನಾಗಿ ಆಡುವುದೆಂದರೆ ಬೀಳುವುದನ್ನೇ ಪಟ್ಟಾಗಿಸಿಕೊಳ್ಳುವ ಕಲೆ!

ಮತ್ತೆ ಸ್ಟ್ರೀಟ್ ಫೈಟರ್. 1997ರ ಮೂರನೇ ಭಾಗದ ಬಾಸ್ ಗಿಲ್, ಅರ್ಧ ಮೈ ಕೆಂಪು, ಅರ್ಧ ಮೈ ನೀಲಿ. ಅವನ ಶಕ್ತಿಯ ಪಟ್ಟಿ ತುಂಬಿದ್ದರೆ ಸತ್ತು ಬಿದ್ದವನು ಎದ್ದು ತೇಲುತ್ತಾನೆ, ಜೀವ ಮತ್ತೆ ತುಂಬಿಕೊಳ್ಳುತ್ತಾನೆ! ಗೆದ್ದೆವೆಂದು ಕಂಟ್ರೋಲರ್ ಕೆಳಗಿಡುವಷ್ಟರಲ್ಲಿ ಬರುವ ಆ ಪುನರ್ಜನ್ಮದ ಆಘಾತ ಕಂಡವರಿಗೇ ಗೊತ್ತು. ಮನೆಯ ಯಂತ್ರಗಳಿಗೆ ಬಂದ ಆವೃತ್ತಿಗಳಲ್ಲಿ ಆ ಪುನರ್ಜನ್ಮವೂ ನಮ್ಮದಾಯಿತು. 2011ರ ‘ಅಲ್ಟಿಮೇಟ್ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3’ರಲ್ಲಿ ಲೋಕಗಳನ್ನೇ ನುಂಗುವ ಗ್ಯಾಲಕ್ಟಸ್‌ನ ಸರದಿ. ಪರದೆಯ ಹಿಂಭಾಗವನ್ನೆಲ್ಲ ತುಂಬಿ ನಿಲ್ಲುವ ಆ ದೈತ್ಯನಾಗಿ ಆಡಲೆಂದೇ ಅಲ್ಲಿ ಪ್ರತ್ಯೇಕ ಮೋಡ್ ಕೊಟ್ಟರು. ಹಿಂದೆ ಅವನ ಎದುರು ನಿಂತು ಸೋತ ವೀರರೆಲ್ಲ ಈಗ ನಮ್ಮ ಅಂಗೈ ಕೆಳಗೆ ಇರುವೆಗಳಂತೆ ಓಡಾಡುತ್ತಾರೆ!

ಕೈ ಬಿಡುಗಡೆಯಾದ ದಿನ

ಮತ್ತೆ ಆ ಬಿಳಿ ಗ್ಲೌಸಿನ ಕೈಗೆ ಬರೋಣ. ಆಕ್ಷನ್ ರೀಪ್ಲೇ ಹಾಕಿ, ಗ್ಲಿಚ್ ಹುಡುಕಿ, ಆಟ ನಡುವೆಯೇ ಸ್ತಬ್ಧವಾಗಿ ನಿಂತುಬಿಡುವ ಅಪಾಯ ಕಟ್ಟಿಕೊಂಡು ಜನ ವರ್ಷಗಳ ಕಾಲ ಕಳ್ಳದಾರಿಯಲ್ಲೇ ಅದನ್ನು ಆಡಿದರು. 2018ರ ಡಿಸೆಂಬರಿನಲ್ಲಿ ನಿಂಟೆಂಡೊ ಸ್ವಿಚ್‌ಗೆ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಬಂತು. ನಿರ್ದೇಶನ ಅದೇ ಸಕುರಾಯ್ ಅವರದು. ಅದರ ‘ವರ್ಲ್ಡ್ ಆಫ್ ಲೈಟ್’ ಕಥೆಯಲ್ಲಿ ಗ್ಯಾಲೀಮ್ ಮತ್ತು ಡಾರ್ಕಾನ್ ಎಂಬ ಎರಡು ಮಹಾಶಕ್ತಿಗಳ ಹಿಡಿತದಲ್ಲಿ ಲೋಕವೆಲ್ಲ ಸಿಕ್ಕಿಬಿದ್ದಿರುತ್ತದೆ, ಮಾಸ್ಟರ್ ಹ್ಯಾಂಡ್ ಕೂಡ. ಕಥೆಯ ಕಟ್ಟಕಡೆಯಲ್ಲಿ ಎರಡೂ ಶಕ್ತಿಗಳ ವಿರುದ್ಧ ಅಂತಿಮ ಯುದ್ಧಕ್ಕೆ ಹೊರಟಾಗ ಬೊಂಬೆ-ಜಟ್ಟಿಗಳ ದೊಡ್ಡ ಪಡೆ ದಾರಿಗೆ ಅಡ್ಡ ನಿಲ್ಲುತ್ತದೆ. ಆಗ ಎದುರಿಗೆ ಬರುತ್ತದೆ ಮಾಸ್ಟರ್ ಹ್ಯಾಂಡ್. ಈ ಸಲ ನಮ್ಮ ಮೇಲೆ ಬೀಳಲಿಕ್ಕಲ್ಲ. ಆಟ ಅದನ್ನು ನಮ್ಮ ಕೈಗೇ ಕೊಡುತ್ತದೆ!

ಗ್ಲಿಚ್ ಬೇಡ, ಕೋಡ್ ಬೇಡ. ಲಕ್ಷಾಂತರ ಮನೆಗಳಲ್ಲಿ ಆಡುವವರ ಕೈ ಮೊದಲ ಬಾರಿಗೆ, ಹಾದಿ ತಪ್ಪದೆ, ಮಾಸ್ಟರ್ ಹ್ಯಾಂಡ್ ಆಯಿತು. ಅಪ್ಪಳಿಸಿ, ಬೀಸಿ, ಬೆರಳಿನಿಂದ ಚಿಮ್ಮಿಸಿ ಇಡೀ ಪಡೆಯನ್ನು ಗುಡಿಸಿ ಹಾಕಿತು. ಆ ಕೈ ಯಾರದು ಎಂದು ಮೊದಲ ಆಟದ ಮುನ್ನೋಟ ತೋರಿಸಿ ಆಗಲೇ 19 ವರ್ಷವಾಗಿತ್ತು. ಈಗ ಅದು ಒಡೆಯರ ಕೈ ಸೇರಿತ್ತು.

ಇದನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಆಡಬಾರದ ಪಾತ್ರವಾಗಿ ಆಡಬೇಕೆಂಬ ಹಂಬಲ ಗೆಲ್ಲುವ ಆಸೆಯಿಂದ ಹುಟ್ಟಿರಬಹುದು. ಆದರೆ ಅದು ತಲುಪಿಸುವುದು ಬೇರೆಯೇ ಕಡೆಗೆ. ವೈರ್‌ಫ್ರೇಮ್‌ಗೆ ಕೊಡದ ಪಟ್ಟು, ಮರಳು ಚೀಲಕ್ಕೆ ಕೊಡದ ಏಟು, ಮಾಸ್ಟರ್ ಹ್ಯಾಂಡ್‌ಗೆ ಕೊಡದ ಗುರಾಣಿ, ಅಕುಮಾನಿಂದ ಹಿಂದೆ ತೆಗೆದುಕೊಂಡ ಒಂದಿಷ್ಟು ಬಲ... ಕೊಡದೆ ಉಳಿಸಿದ ಒಂದೊಂದರ ಹಿಂದೆಯೂ ಎದುರಿಗೆ ಕೂತ ಆಟಗಾರನ ಬಗ್ಗೆ ಯಾರೋ ಮಾಡಿದ ಯೋಚನೆ ಇದೆ. ಅವನಿಗೆ ಭಯವಾಗಲಿ, ಆದರೆ ದಾರಿ ಕಾಣಲಿ. ಸೋಲಲಿ, ಆದರೆ ಮತ್ತೆ ಬರಲಿ. ಕೊನೆಗೆ ಗೆಲ್ಲಲಿ, ಆ ಗೆಲುವು ತನ್ನದೇ ಎಂದು ಎದೆಯುಬ್ಬಿಸಲಿ. ಬಾಸ್ ಎದುರು ನಿಂತವರಿಗೆ ಈ ಯೋಚನೆ ಕಾಣಿಸಬಾರದು, ಕಾಣಿಸಿದರೆ ಆಟದ ರೋಮಾಂಚನ ಹೋಗುತ್ತದೆ. ಬಾಸ್ ಒಳಗೆ ನಿಂತವರಿಗೆ ಅದು ಕಾಣದೆ ಇರಲು ಸಾಧ್ಯವಿಲ್ಲ.

ಆದ್ದರಿಂದ ನೀವೂ ಒಮ್ಮೆ ಒಳಗೆ ಹೋಗಿ. ಕಳ್ಳದಾರಿಯೇ ಆಗಬೇಕೆಂದಿಲ್ಲ. ಸ್ವಿಚ್ ಇದ್ದವರು ‘ವರ್ಲ್ಡ್ ಆಫ್ ಲೈಟ್’ ಕೊನೆ ಮುಟ್ಟಿಸಿ. ಹಳೆಯ ಪ್ಲೇಸ್ಟೇಶನ್ ಅಟ್ಟದ ಮೇಲೆ ಇದ್ದರೆ ಇಳಿಸಿ, ಟ್ರೂ ಓಗರ್‌ನನ್ನು ಆರಿಸಿಕೊಳ್ಳಿ. ಎದುರಿಗೆ ಮನೆಯ ಚಿಕ್ಕವರನ್ನು ಕೂರಿಸಿಕೊಳ್ಳಿ. ಆಡುವಾಗ ಗೆಲ್ಲುವುದನ್ನು ಬದಿಗಿಟ್ಟು ಒಂದನ್ನು ಮಾತ್ರ ಪ್ರಯತ್ನಿಸಿ: ಬಾಸ್ ಆಡುವಂತೆ ಆಡಿ. ಅಬ್ಬರಿಸಿ ಹೆದರಿಸಿ, ಹೊಡೆಯುವ ಮುನ್ನ ಸುಳಿವು ಕೊಡಿ, ಹೊಡೆದ ಮೇಲೆ ಒಂದು ಕ್ಷಣ ತೆರೆದು ನಿಲ್ಲಿ, ಎದುರಿನ ಮಗು ಆ ಕ್ಷಣವನ್ನು ತಾನೇ ಕಂಡುಹಿಡಿದು ನುಗ್ಗಿ ಬರುವ ತನಕ ತಾಳಿ. ಅದು ಎಷ್ಟು ಕಷ್ಟದ ಕೆಲಸ ಎಂದು ಆಗ ಗೊತ್ತಾಗುತ್ತದೆ. ಸೋಲುವುದೂ ಒಂದು ದೊಡ್ಡ ವಿದ್ಯೆ, ಅದನ್ನು ನಮಗಾಗಿ ಕಲಿತು ಬಂದವರೇ ಬಾಸ್‌ಗಳು!